ನೆರಳು ಅಳೆದ ಬುಧವಾರಗಳು: ಚಳಿಗಾಲದ ರಜೆವರೆಗಿನ ಟಿಪ್ಪಣಿ

ನವೆಂಬರ್ 6, 2024, ಬುಧವಾರ

ಮಗಳ ಶಾಲೆಯ ವಿಜ್ಞಾನ ಕ್ಲಬ್ಬಿನಲ್ಲಿ ಇವತ್ತು ನೆರಳು ಅಳೆಯಲು ಶುರು ಮಾಡಿದೆವು. ನಾವಿರುವುದು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಇಲ್ಲಿ ಆರರಿಂದ ಎಂಟನೇ ತರಗತಿವರೆಗೆ ಬೇರೆಯೇ ಶಾಲೆ. ಮಿಡ್ಲ್ ಸ್ಕೂಲ್ ಅನ್ನುತ್ತಾರೆ. ಬುಧವಾರ ನನಗೆ ಮನೆಯಿಂದಲೇ ಕೆಲಸ. ಹಾಗಾಗಿ ಮಕ್ಕಳ ಊಟದ ಬಿಡುವಿನ ಹೊತ್ತಿಗೆ ಹೋಗಿ, ಆಫೀಸಿನಲ್ಲಿ ಸಹಿ ಮಾಡಿ, ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡು ಒಳಗೆ ಹೋಗುತ್ತೇನೆ. ಕ್ಲಬ್ಬಿನಲ್ಲಿ ಒಟ್ಟು ಹನ್ನೆರಡು ಮಕ್ಕಳು.

ಈ ಯೋಚನೆ ಹುಟ್ಟಿದ್ದು ಕಳೆದ ಭಾನುವಾರ. ಅವತ್ತು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಸಂಜೆ ಐದಕ್ಕೇ ಕತ್ತಲು. "ಸೂರ್ಯ ಎಲ್ಲಿಗೆ ಹೋಗ್ತಾನೆ ಇಷ್ಟು ಬೇಗ?" ಅಂತ ಮಗಳು ಮುಖ ಸಪ್ಪಗೆ ಮಾಡಿಕೊಂಡು ಕೇಳಿದಳು. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಅವಳೇ ಅಳೆದು ನೋಡಲಿ ಅನ್ನಿಸಿತು. ಕ್ಲಬ್ಬಿನ ಟೀಚರ್ ಒಪ್ಪಿದರು. ಮೈಸೂರಿನಲ್ಲಿರುವ ನಮ್ಮಪ್ಪನಿಗೂ ಫೋನ್ ಮಾಡಿದೆ. "ಅದಕ್ಕೇನಮ್ಮಾ, ನಾನೂ ತಾರಸಿ ಮೇಲೆ ಕೋಲು ನಿಲ್ಲಿಸ್ತೀನಿ" ಅಂದರು. ಅಲ್ಲಿಗೆ ಎರಡು ಊರಿನ ಲೆಕ್ಕ ಆಯಿತು.

ಸಲಕರಣೆ ದೊಡ್ಡದೇನಿಲ್ಲ. ಬಣ್ಣದ ಬಕೆಟ್ಟಿನಲ್ಲಿ ಕಾಂಕ್ರೀಟ್ ತುಂಬಿ ಮರದ ಕೋಲು ನಿಲ್ಲಿಸಿದ್ದೇವೆ. ನೆಲದಿಂದ ಕೋಲಿನ ತುದಿಗೆ ಸರಿಯಾಗಿ 100 ಸೆಂಟಿಮೀಟರ್. ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯಾ ಅಂತ ಮಕ್ಕಳೇ ನೋಡಿದರು. ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಅತಿ ಚಿಕ್ಕ ನೆರಳು ಬಿದ್ದಾಗ ಮಧ್ಯಾಹ್ನ.

ಹನ್ನೆರಡಕ್ಕೆ ಅಂತ ಎಲ್ಲರೂ ಕಾದಿದ್ದರು. ಅದು ಬಂದಿದ್ದು 11:41ರ ಹತ್ತಿರ! ಎಂಟನೇ ಕ್ಲಾಸಿನ ಹುಡುಗನೊಬ್ಬ ತನ್ನ ಗಡಿಯಾರವೇ ಕೆಟ್ಟಿದೆ ಅಂದುಕೊಂಡ. ಗಡಿಯಾರದ ಹನ್ನೆರಡು ಬೇರೆ, ಸೂರ್ಯನ ಹನ್ನೆರಡು ಬೇರೆ ಅಂತ ಅವತ್ತೇ ಎಲ್ಲರಿಗೂ ಗೊತ್ತಾಯಿತು. ಅಪ್ಪನ ಮಧ್ಯಾಹ್ನ ಆಗಿದ್ದು 12:07ಕ್ಕೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ. ಮೈಸೂರು ಅದಕ್ಕಿಂತ ಪಶ್ಚಿಮಕ್ಕಿದೆ. ಅದಕ್ಕೇ ಅಲ್ಲಿ ಸೂರ್ಯ ನೆತ್ತಿಯ ಹತ್ತಿರ ಬರುವುದು ತಡ.

ಅಳತೆ ಮಾತ್ರ ಸರಿಬರಲಿಲ್ಲ. ಲೆಕ್ಕದ ಪ್ರಕಾರ ಮಧ್ಯಾಹ್ನದ ನೆರಳು 152 ಸೆಂಟಿಮೀಟರ್ ಬರಬೇಕು, ನಮಗೆ ಬಂದಿದ್ದು 157. ಅಪ್ಪನದು 54.

ನವೆಂಬರ್ 13

ಐದು ಸೆಂಟಿಮೀಟರ್ ಎಲ್ಲಿಂದ ಬಂತು ಅಂತ ಮೊದಲು ಹುಡುಕಿದೆವು. ಕೋಲು ಮತ್ತೆ ಅಳೆದೆವು, ಸರಿಯಾಗಿತ್ತು. ಟೇಪೂ ಸರಿ. ಆಗ ಆರನೇ ಕ್ಲಾಸಿನ ಒಬ್ಬ ಹುಡುಗಿ ಬ್ಯಾಗಿನಿಂದ ಟೆನಿಸ್ ಚೆಂಡು ತೆಗೆದು ಕೋಲಿನ ಬುಡದಲ್ಲಿ ಇಟ್ಟಳು. ಚೆಂಡು ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ನೆರಳಿನ ಕಡೆಗೇ ಉರುಳಿತು, ಬೇಲಿವರೆಗೂ ಹೋಯಿತು. ಮಳೆನೀರು ಹರಿದು ಹೋಗಲಿ ಅಂತ ಟಾರು ಅಂಗಳವನ್ನು ಇಳಿಜಾರಾಗಿಯೇ ಮಾಡಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಮೀಟರಿಗೆ ಎರಡು ಸೆಂಟಿಮೀಟರ್ ಇಳಿದರೂ ಸಾಕು, ನೆರಳು ಐದು ಸೆಂಟಿಮೀಟರ್ ಉದ್ದ ಬೀಳುತ್ತದೆ.

ಪರಿಹಾರಕ್ಕೆ ಎಂಟು ಅಡಿ ಹಲಗೆ ತಂದೆವು. ಅಡಿಗೆ ಮರದ ತುಂಡು ಕೊಟ್ಟು, ರಸಮಟ್ಟ ಇಟ್ಟು ಮಟ್ಟ ಮಾಡಿದೆವು. ಈಗ ನೆರಳು ಬೀಳುವುದು ಹಲಗೆ ಮೇಲೆ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಆಗಲೇ ರಸಮಟ್ಟ ಇಟ್ಟಿದ್ದರು. "ತಾರಸಿ ಅಂದ್ಮೇಲೆ ನೀರಿನ ವಾಟ ಇದ್ದೇ ಇರುತ್ತಲ್ಲಮ್ಮಾ" ಅಂದರು. ಮೊದಲೇ ಅವರನ್ನು ಕೇಳಬೇಕಿತ್ತು.

ಇನ್ನೊಂದು ತೊಂದರೆ ನೆರಳಿನ ತುದಿ. ಅದು ಮಸುಕು, ಎಲ್ಲಿ ಮುಗಿಯುತ್ತದೆ ಅಂತ ಹೇಳಲು ಆಗುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಅದಕ್ಕೇ ಅಂಚು ಕಲಸಿಹೋಗುತ್ತದೆ. ಕೋಲಿನ ತುದಿಗೆ ರಟ್ಟಿನ ಬಿಲ್ಲೆ ಸಿಕ್ಕಿಸಿ ಮಧ್ಯದಲ್ಲಿ ಸಣ್ಣ ತೂತು ಮಾಡಿದೆವು. ಹಲಗೆ ಮೇಲೆ ಬಿಲ್ಲೆಯ ನೆರಳು, ನೆರಳಿನ ನಡುವೆ ಕಡಲೆಬೀಜದ ಆಕಾರದ ಬೆಳಕಿನ ಮಚ್ಚೆ. ಆ ಮಚ್ಚೆ ಸೂರ್ಯನ ಚಿತ್ರವೇ. ಅದರ ನಡುಭಾಗಕ್ಕೆ ಗುರುತು ಹಾಕಿದರೆ ಆಯಿತು. ಮಕ್ಕಳು ಅದನ್ನು ಅಂಗೈ ಮೇಲೆ ಬೀಳಿಸಿಕೊಂಡು ನೋಡಿದ್ದೇ ನೋಡಿದ್ದು.

ಇವತ್ತು ನಮ್ಮದು 165, ಅಪ್ಪನದು 59. ಒಂದೇ ವಾರದಲ್ಲಿ ಇಲ್ಲಿ ನೆರಳು ಅಷ್ಟು ಬೆಳೆದಿದೆ.

ಅಂದ ಹಾಗೆ, ಇವತ್ತೇ ರಾಜ್ಯದಲ್ಲಿ ಬರದ ಎಚ್ಚರಿಕೆ ಕೊಟ್ಟರು. ಅಕ್ಟೋಬರ್ ಪೂರ್ತಿ ಮಳೆಯೇ ಇರಲಿಲ್ಲ. ಕಾಡಿನ ಬೆಂಕಿಯ ಸುದ್ದಿ ದಿನವೂ. ನೆರಳು ಅಳೆಯುವವರಿಗೆ ಬಿಸಿಲು ಬೇಕು ನಿಜ, ಆದರೂ ಮಳೆ ಬರಲಿ ಅಂತಲೇ ಬೇಡಿಕೊಂಡೆ.

ನವೆಂಬರ್ 20 ಮತ್ತು 27

20ಕ್ಕೆ ಮೋಡ. ಬಕೆಟ್ ಹೊರಗೆ ತಂದು ಸುಮ್ನೆ ವಾಪಸ್ ಒಯ್ದೆವು. 27ಕ್ಕೆ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ, ಅರ್ಧ ದಿನದ ಶಾಲೆ. ಅಳತೆ ಆಗಲಿಲ್ಲ. ಆಹಾರ ಸಂಗ್ರಹದ ಡಬ್ಬಗಳನ್ನು ವ್ಯಾನಿಗೆ ತುಂಬುವ ಕೆಲಸಕ್ಕೆ ನಮ್ಮ ಮಕ್ಕಳೂ ನಿಂತರು. ಬೇಳೆ, ಅಕ್ಕಿ, ಹುರುಳಿಕಾಳಿನ ಡಬ್ಬ, ಜೋಳದ ಡಬ್ಬ. ನಾನು ಕೊಟ್ಟಿದ್ದು ಎರಡು ಚೀಲ ತೊಗರಿಬೇಳೆ. ಈ ಊರಿನಲ್ಲಿ ಅದನ್ನು ಬೇಯಿಸಲು ಗೊತ್ತಿರುವ ಮನೆಗಳು ಬೇಕಾದಷ್ಟಿವೆ.

ಅಪ್ಪ ಎರಡೂ ವಾರ ತಪ್ಪಿಸಲಿಲ್ಲ. 63, ಆಮೇಲೆ 66. ಅಲ್ಲಿ ಮಧ್ಯಾಹ್ನ ಆಗುವಾಗ ನಮಗೆ ನಡುರಾತ್ರಿ ಕಳೆದು ಒಂದೂವರೆ. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಅವರ ಫೋಟೋ ಬಂದಿರುತ್ತದೆ. ತಾರಸಿ, ಕೋಲು, ಟೇಪು, ಮೂಲೆಯಲ್ಲಿ ಒಣಗಲು ಹಾಕಿದ ಅಮ್ಮನ ಸಂಡಿಗೆ.

ಡಿಸೆಂಬರ್ 4

ಬಿಸಿಲು ಸಿಕ್ಕಿತು. 194. ಮಧ್ಯಾಹ್ನ 11:48ಕ್ಕೆ ಸರಿದಿದೆ. ಮೈಸೂರಿನಲ್ಲಿ ಮಾತ್ರ ಫೆಂಗಲ್ ಚಂಡಮಾರುತ ಕಳೆದ ಮೇಲೂ ಮೋಡ ಬಿಟ್ಟಿಲ್ಲ. "ತಾತ ಈ ಸಲ ಗೈರುಹಾಜರು" ಅಂತ ಮಗಳು ಪಟ್ಟಿಯಲ್ಲಿ ಬರೆದಳು.

ಡಿಸೆಂಬರ್ 11

ಬೆಳಗಿನಿಂದ ಜೋರು ಮಳೆ, ಗಾಳಿ. ಕಾದಿದ್ದ ಮಳೆ ಅಂತೂ ಬಂತು. ಹೊರಗೆ ಹೋಗುವ ಮಾತೇ ಇಲ್ಲ. ಆದರೆ ಈ ಯೋಜನೆಯಲ್ಲಿ ನನಗೆ ಅತಿ ಇಷ್ಟವಾದ ದಿನ ಇದೇ.

ಪಟ್ಟಿ ಮುಂದಿಟ್ಟುಕೊಂಡು ಕೂತೆವು. ನಮ್ಮ ಸಾಲಿನಲ್ಲಿ ಮೂರು ಖಾಲಿ ಮನೆ, ತಾತನ ಸಾಲಿನಲ್ಲಿ ಒಂದು. ತ್ರಿಕೋನಮಿತಿ ಈ ಮಕ್ಕಳಿಗೆ ಇನ್ನೂ ಬಂದಿಲ್ಲ. ಹಾಗಾಗಿ ಗ್ರಾಫ್ ಹಾಳೆಯಲ್ಲಿ ಕೋಲಿಗೆ 10 ಸೆಂಟಿಮೀಟರ್ ನಿಂತ ಗೆರೆ, ನೆರಳಿಗೆ ಅದೇ ಅಳತೆಯಲ್ಲಿ ಮಲಗಿದ ಗೆರೆ ಎಳೆದರು. ತುದಿಗಳನ್ನು ಸೇರಿಸಿದರು. ಕೋಲಿನ ತುದಿಯ ಕೋನವನ್ನು ಕೋನಮಾಪಕದಲ್ಲಿ ಓದಿದರು. ಸೂರ್ಯ ನೆತ್ತಿಯಿಂದ ಎಷ್ಟು ಕೆಳಗಿದ್ದಾನೆ ಅನ್ನುವುದು ಆ ಕೋನ. ನವೆಂಬರ್ 13ಕ್ಕೆ ನಮ್ಮದು 58 ಮುಕ್ಕಾಲು ಡಿಗ್ರಿ, ಮೈಸೂರಿನದು ಮೂವತ್ತೂವರೆ. ವ್ಯತ್ಯಾಸ 28ರ ಮೇಲೆ ಸ್ವಲ್ಪ.

"ಈ 28 ಎಲ್ಲಿಂದ ಬಂತು?" ಅಂತ ಟೀಚರ್ ಕೇಳಿದರು. ಯಾರೂ ಮಾತಾಡಲಿಲ್ಲ. ಕಿಟಕಿಗೆ ಮಳೆ ಬಡಿಯುವ ಸದ್ದು ಮಾತ್ರ. ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸುವ ಹುಡುಗ ಎದ್ದು ಹೋಗಿ ಅಟ್ಲಾಸ್ ತಂದ. ಎಡಿಸನ್ ಅಕ್ಷಾಂಶ 40.5, ಮೈಸೂರು 12.3. ಹಾಳೆಯ ಅಂಚಿನಲ್ಲಿ ಕಳೆದು ಬರೆದ. 28.2. ಪೆನ್ಸಿಲನ್ನು ಹಾಗೇ ಹಿಡಿದುಕೊಂಡು ತಲೆಯೆತ್ತಿ ನನ್ನ ಮುಖ ನೋಡಿದ. ಆ ನೋಟ ನನಗೆ ಮರೆಯುವುದಿಲ್ಲ.

ಅಲ್ಲಿಂದ ಮುಂದೆ ಮಕ್ಕಳೇ ಓಡಿದರು. ವ್ಯತ್ಯಾಸ ಯಾವಾಗಲೂ 28.2 ಆದರೆ, ನಾವು ತಪ್ಪಿಸಿಕೊಂಡ ದಿನಗಳನ್ನು ತಾತನ ಅಳತೆಯಿಂದ ತುಂಬಬಹುದಲ್ವಾ? ನವೆಂಬರ್ 20ಕ್ಕೆ ತಾತನ 63 ಅಂದರೆ ಸುಮಾರು 32 ಡಿಗ್ರಿ. ಅದಕ್ಕೆ 28.2 ಸೇರಿಸಿ, ಮತ್ತೆ ಗೆರೆ ಎಳೆದು, ನೆರಳು 175ರ ಆಸುಪಾಸು ಅಂತ ಕೆಂಪು ಪೆನ್ನಿನಲ್ಲಿ ತುಂಬಿದರು. ಡಿಸೆಂಬರ್ 4ರ ತಾತನ ಖಾಲಿ ಮನೆಗೆ ನಮ್ಮ 194ರಿಂದ ಇಳಿಸಿ 69 ಅಂತ ಬರೆದರು. ಇಲ್ಲಿ ಮೋಡವಾದರೆ ಅಲ್ಲಿನ ಬಿಸಿಲು, ಅಲ್ಲಿ ಮಳೆಯಾದರೆ ಇಲ್ಲಿನ ಬಿಸಿಲು. ಇವತ್ತಿನ ಮನೆಗೂ ತಾತನ 71 ಬಂದಿತ್ತು. ನಮ್ಮದು 200ರ ಮೇಲಿರಬೇಕು ಅಂತ ಲೆಕ್ಕ ಬಂತು.

ಡಿಸೆಂಬರ್ 12

ಇವತ್ತು ರಾತ್ರಿ ಚಳಿಗಾಲದ ಸಂಗೀತ ಕಾರ್ಯಕ್ರಮ. ಬ್ಯಾಂಡು, ಕೋರಸ್ಸು, ಬಿಳಿ ಅಂಗಿ, ಕಪ್ಪು ಪ್ಯಾಂಟು. ಬಾಗಿಲಲ್ಲಿ ಕೋಟು ಸಂಗ್ರಹದ ಪೆಟ್ಟಿಗೆ ಇಟ್ಟಿದ್ದರು, ಆರೂವರೆಗೇ ತುಂಬಿ ತುಳುಕುತ್ತಿತ್ತು.

ಈ ತಿಂಗಳು ನ್ಯೂಜೆರ್ಸಿಯಲ್ಲಿ ಎಲ್ಲರ ಬಾಯಲ್ಲೂ ಡ್ರೋನ್. ನವೆಂಬರ್ ಮಧ್ಯದಿಂದ ರಾತ್ರಿ ಆಕಾಶದಲ್ಲಿ ಏನೋ ಹಾರುತ್ತಿದೆ ಅಂತ ಸುದ್ದಿ. ಕಾರು ನಿಲ್ಲಿಸುವ ಜಾಗದಲ್ಲಿ ಅಪ್ಪ ಅಮ್ಮಂದಿರು ನೈರುತ್ಯಕ್ಕೆ ಕೈ ತೋರಿಸಿ ವಿಡಿಯೋ ಮಾಡುತ್ತಿದ್ದರು. ನಮ್ಮ ಕ್ಲಬ್ಬಿನ ಮಕ್ಕಳು ಮೂವರು ಅಲ್ಲೇ ನಿಂತಿದ್ದರು. ಅವರಲ್ಲೊಬ್ಬಳು ದೀಪದ ಕಂಬಕ್ಕೆ ಬೆನ್ನು ಕೊಟ್ಟು, ಕಂಬದ ಅಂಚಿಗೆ ಆ ಬೆಳಕನ್ನು ಹೊಂದಿಸಿಕೊಂಡು ಕಾದಳು. ಅದು ಅಕ್ಕಪಕ್ಕ ಓಡಾಡಲಿಲ್ಲ, ತೀರಾ ನಿಧಾನವಾಗಿ ಇಳಿಯುತ್ತಿತ್ತು. ಶುಕ್ರ. ಪೂರ್ವಕ್ಕೆ ತಿರುಗಿದರೆ ಅಲ್ಲಿ ಗುರು, ಅದೂ ಈ ವಾರ ತುಂಬಾ ಹೊಳಪು. ಹಾರಿದ್ದೆಲ್ಲಾ ಗ್ರಹ ಅಂತ ನಾನು ಹೇಳುವುದಿಲ್ಲ. ಆದರೆ ಅವಳು ಕಾದು ನೋಡಿ ಹೇಳಿದಳು. ಅದು ದೊಡ್ಡದು. (16ರ ಸೇರ್ಪಡೆ: ಕೇಂದ್ರ ಸರ್ಕಾರದ ಇಲಾಖೆಗಳೂ ಇವತ್ತು ಅದನ್ನೇ ಹೇಳಿವೆ. ಕಂಡವುಗಳಲ್ಲಿ ನಿಜವಾದ ಡ್ರೋನ್‌ಗಳಿದ್ದವು, ವಿಮಾನಗಳಿದ್ದವು, ನಕ್ಷತ್ರಗಳೂ ಇದ್ದವು ಅಂತ.)

ಡಿಸೆಂಬರ್ 15, ಭಾನುವಾರ

ಫೋನಿನಲ್ಲಿ ಮಗಳು ತಾತನನ್ನು ಕೇಳಿದಳು: "ತಾತ, ನೆರಳು ಯಾವಾಗ ವಾಪಸ್ ತಿರುಗುತ್ತೆ?"

"21ಕ್ಕೆ ಪುಟ್ಟಿ. ಅವತ್ತಿಂದ ಸೂರ್ಯ ಉತ್ತರಕ್ಕೆ."

"ಅಮ್ಮ ಸಂಕ್ರಾಂತಿಗೆ ಉತ್ತರಾಯಣ ಅಂತಾಳಲ್ಲ?"

ಅಪ್ಪ ನಕ್ಕು ಬಿಡಿಸಿ ಹೇಳಿದರು. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಎದುರಿಟ್ಟು ಲೆಕ್ಕ ಹಾಕುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೂಗುತ್ತದೆ. ಅದರಿಂದ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ ಬೀಳುತ್ತದೆ. ಸಾವಿರದ ಏಳುನೂರು ವರ್ಷದ ಹಿಂದೆ ಎರಡೂ ಒಂದೇ ದಿನ ಇದ್ದವು. ಈಗ 24 ದಿನದ ಅಂತರ. "ಎಳ್ಳು ಬೆಲ್ಲ ಮಾತ್ರ ಜನವರಿಗೇ" ಅಂತ ಅಮ್ಮ ಹಿಂದಿನಿಂದ ಕೂಗಿದರು.

ಇನ್ನೊಂದು ಮಾತೂ ಹೇಳಿದರು. ಏಪ್ರಿಲ್ 22ರ ಆಸುಪಾಸು ಮೈಸೂರಿನಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಎಡಿಸನ್‌ನಲ್ಲಿ ಅಂಥ ದಿನ ಬರುವುದೇ ಇಲ್ಲ. ಮಗಳು ಆ ತಾರೀಕನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದಾಳೆ.

ಡಿಸೆಂಬರ್ 19, ಗುರುವಾರ

ನಿನ್ನೆ ಮೋಡವಿತ್ತು. ಟೀಚರ್ ಹೇಗೋ ಇವತ್ತು ಹೊತ್ತು ಹೊಂದಿಸಿದರು. ಪೈಜಾಮ ದಿನ ಬೇರೆ. ಚಳಿಯಲ್ಲಿ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಹನ್ನೆರಡೂ ಜನ ಹಲಗೆ ಸುತ್ತ ಮಂಡಿಯೂರಿ ಕೂತರು. ಬೆಳಕಿನ ಮಚ್ಚೆ 11:55ಕ್ಕೆ ನಡುಗೆರೆ ಮುಟ್ಟಿತು.

204.

ತಾತನದು 72. ಕೋನ ಎಳೆದರೆ ವ್ಯತ್ಯಾಸ ಮತ್ತೆ 28. ಕೆಂಪು ಪೆನ್ನಿನಲ್ಲಿ ತುಂಬಿದ್ದ ಅಂಕಿಗಳನ್ನು ಈಗ ನಂಬಬಹುದು ಅಂತ ಮಕ್ಕಳು ತೀರ್ಮಾನ ಮಾಡಿದರು.

ಗ್ರಾಫ್ ಗೋಡೆಗೆ ಅಂಟಿಸಿದ್ದೇವೆ. ನವೆಂಬರ್ 6ರಿಂದ 13ರವರೆಗಿನ ಒಂದೇ ವಾರದಲ್ಲಿ ಲೆಕ್ಕದ ಪ್ರಕಾರ ನೆರಳು 12-13 ಸೆಂಟಿಮೀಟರ್ ಬೆಳೆದಿತ್ತು. ಈಗ ಹದಿನೈದು ದಿನಕ್ಕೆ 10. ಏರುತ್ತಿದ್ದ ಗೆರೆ ಮೆಲ್ಲಗೆ ಬಾಗಿ ಮಟ್ಟವಾಗುತ್ತಿದೆ. ಸಂಜೆ ಕತ್ತಲೆಯ ಬಗ್ಗೆಯೂ ಒಂದು ಸಂಗತಿ ಸಿಕ್ಕಿತು. ಇಲ್ಲಿ ಸೂರ್ಯ ಅತಿ ಬೇಗ ಮುಳುಗುವುದು 21ಕ್ಕಲ್ಲ, ಡಿಸೆಂಬರ್ ಎರಡನೇ ವಾರದ ಸುಮಾರಿಗೆ. ಮಧ್ಯಾಹ್ನವೇ 11:41ರಿಂದ 11:55ಕ್ಕೆ ಸರಿದಿದೆಯಲ್ಲ, ಮುಳುಗುವ ಹೊತ್ತೂ ಅದರ ಜೊತೆಗೇ ಮುಂದಕ್ಕೆ ಹೋಗಿದೆ. ಸಂಜೆಗಳು ಆಗಲೇ ಉದ್ದವಾಗಲು ಶುರುವಾಗಿವೆ ಅಂತ ಮಗಳಿಗೆ ಭಾರೀ ಸಮಾಧಾನ.

ಡಿಸೆಂಬರ್ 20

ಕೊನೆಯ ದಿನ, ಅರ್ಧ ದಿನ. ಬಕೆಟ್ಟು, ಹಲಗೆ ಉಗ್ರಾಣ ಸೇರಿದವು. ಮುಂದಿನ ಅಳತೆ ಜನವರಿ 8ಕ್ಕೆ.

ಟ್ರಾಂಬೋನ್ ಹುಡುಗ ರಜೆಗೆ ಒರ್ಲ್ಯಾಂಡೋದ ಅಜ್ಜಿ ಮನೆಗೆ ಹೋಗುತ್ತಿದ್ದಾನೆ. ಅಲ್ಲಿ ಬಕೆಟ್ ಇಲ್ಲ, 30 ಸೆಂಟಿಮೀಟರ್ ಸ್ಕೇಲು ಸಾಕು ಅಂದ. ಹೊರಡುವ ಮೊದಲೇ ಉತ್ತರ ಹೇಳೋಣ ಅಂತ ಎಲ್ಲರೂ ಸೇರಿದರು. ಅಟ್ಲಾಸಿನಲ್ಲಿ ಒರ್ಲ್ಯಾಂಡೋ 28.5. ಈ ದಿನಗಳಲ್ಲಿ ಸೂರ್ಯ ಸಮಭಾಜಕ ರೇಖೆಯಿಂದ ದಕ್ಷಿಣಕ್ಕೆ 23.4 ಡಿಗ್ರಿ. ಕೂಡಿದರೆ 51.9. ಗೆರೆ ಎಳೆದರು, ಅಳೆದರು. ಒಂದು ಚೀಟಿಯಲ್ಲಿ "38 ಸೆಂ.ಮೀ., ಮಧ್ಯಾಹ್ನ 12:26" ಅಂತ ಬರೆದು ಅವನ ಕೋಟಿನ ಜೇಬಿಗೆ ಹಾಕಿದರು. ಬಸ್ಸು ಹತ್ತುವಾಗ ಅವನು ಜೇಬು ಮುಟ್ಟಿ ನೋಡಿಕೊಂಡ.