ಮನೆ ಹಿಂದಿನ ಬರೆಯೂ ಭದ್ರತೆಯ ವಿಷಯವೇ

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಕೊಡಗಿನಲ್ಲಿ ಭದ್ರತೆ ಅಂದ ಕೂಡಲೇ ಗಡಿ, ಸೇನೆ, ಕೋವಿ ಕಣ್ಣಮುಂದೆ ಬರುತ್ತವೆ. ಅದು ಸಾಂಪ್ರದಾಯಿಕ ಬೆದರಿಕೆಯ ಲೆಕ್ಕ. ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿ ಇನ್ನೊಂದು ಲೆಕ್ಕವನ್ನೂ ಮುಂದಿಟ್ಟಿತು: ಆದಾಯ, ಆಹಾರ, ಆರೋಗ್ಯ, ಪರಿಸರ, ವ್ಯಕ್ತಿ, ಸಮುದಾಯ, ರಾಜಕೀಯ ಹೀಗೆ ಏಳು ಬಗೆಯ ಭದ್ರತೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆ, ಗದ್ದೆ, ಕಾಫಿ ತೋಟ, ರಸ್ತೆ ಒಟ್ಟಿಗೇ ಹೋದವು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜಾರಿತು. ಇಂಥ ಬೆದರಿಕೆಗೆ ಕಾವಲು ನಿಲ್ಲಬೇಕಾದವರು ಗುಡ್ಡದ ಬುಡದಲ್ಲಿರುವ ನಾವೇ.

ಗುಡ್ಡದ ಕಡಿದಾದ ಇಳಿಜಾರಿಗೆ ಇಲ್ಲಿ ಬರೆ ಅನ್ನುತ್ತೇವೆ. ನಮ್ಮ ಗುಡ್ಡಗಳಲ್ಲಿ ಬಂಡೆಯ ಮೇಲೆ ದಪ್ಪನೆಯ ಮೆತ್ತನೆ ಮಣ್ಣಿದೆ. ದಿನಗಟ್ಟಲೆ ಮಳೆ ಹಿಡಿದರೆ ನೀರು ಆ ಮಣ್ಣಲ್ಲಿ ತುಂಬಿ, ಕಣಗಳನ್ನು ಒಳಗಿನಿಂದ ಒತ್ತಿ ಹಿಡಿತ ಸಡಿಲಿಸುತ್ತದೆ. ಅದೇ ಹೊತ್ತಿಗೆ ಬುಡವನ್ನು ಮನೆಗೋ ಹೋಂಸ್ಟೇಗೋ ರಸ್ತೆಗೋ ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರೆ ಮೇಲಿನ ಭಾರಕ್ಕೆ ಆಸರೆಯೇ ಇಲ್ಲ. ಜೆಸಿಬಿಯಲ್ಲಿ ಒಂದು ದಿನದ ಕೆಲಸ. ಪರಿಣಾಮ ಕಾಣುವುದಕ್ಕೆ ಮಾತ್ರ ನಾಲ್ಕಾರು ಮಳೆಗಾಲ ಬೇಕಾಗಬಹುದು.

ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಪ್ರತಿ ಮೆಟ್ಟಿಲಿಗೂ ಚರಂಡಿ ಇರಲಿ. ತಡೆಗೋಡೆ ಕಟ್ಟಿದವರು ಎಡವುವುದು ನೀರಿನ ವಿಷಯದಲ್ಲಿ. ಗೋಡೆಯಲ್ಲಿ ಸುಮಾರು ಐದು ಅಡಿಗೊಂದರಂತೆ 3 ಇಂಚಿನ ಪೈಪ್, ಅದರ ಹಿಂದೆ ಜಲ್ಲಿಯ ಪದರ ಇರಬೇಕು. ಜಲ್ಲಿ ಹಾಕದಿದ್ದರೆ ಮಣ್ಣು ಪೈಪಿಗೆ ತುಂಬಿ ಗೋಡೆಯೇ ಅಣೆಕಟ್ಟಾಗುತ್ತದೆ, ಆಮೇಲೆ ಉಬ್ಬುತ್ತದೆ. ಬರೆಯ ನೆತ್ತಿಯಲ್ಲಿ ಇಂಗುಗುಂಡಿ ಬೇಡ. ನೀರು ಇಂಗಿಸುವುದು ಒಳ್ಳೆಯದೇ, ಆದರೆ ಕಡಿದಾದ ಇಳಿಜಾರಲ್ಲಿ ಅಲ್ಲ.

ಮಳೆಮಾಪಕ ಇಲ್ಲದ ತೋಟ ಇಲ್ಲಿ ಅಪರೂಪ. ಮಳೆಯನ್ನು ಇಲ್ಲಿ ಸೆಂಟ್ ಲೆಕ್ಕದಲ್ಲಿ ಹೇಳುತ್ತೇವೆ: ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ದಿನಕ್ಕೆ 204.5 ಮಿಲಿಮೀಟರ್, ಅಂದರೆ ಎಂಟು ಇಂಚು ದಾಟಿದರೆ ಹವಾಮಾನ ಇಲಾಖೆಯ ಪ್ರಕಾರ ಅದು ಅತ್ಯಂತ ಭಾರಿ ಮಳೆ. ಆದರೆ ಒಂದು ದಿನದ ಅಂಕಿಯನ್ನಷ್ಟೇ ನೋಡಬೇಡಿ. ಹಿಂದಿನ ದಿನಗಳ ಮಳೆಯನ್ನೂ ಕೂಡಿಸಿ ಬರೆದಿಡಿ. ನೆಲ ಮೊದಲೇ ನೆನೆದಿದ್ದರೆ ಕಡಿಮೆ ಮಳೆಯೂ ಸಾಕು.

ಬರೆಯ ಮೇಲೆ ಅರ್ಧಚಂದ್ರಾಕಾರದ ಬಿರುಕು ಕಂಡರೆ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ತಲೆಗೆ ಮೊಳೆ ಇಟ್ಟು, ಬೆಳಿಗ್ಗೆ ಸಂಜೆ ಟೇಪಿನಲ್ಲಿ ಅಳೆಯಿರಿ. ಇದು ಮಳೆ ಬಿಡುವು ಕೊಟ್ಟಾಗ ಮಾಡುವ ಕೆಲಸ. ಬಿರುಕಿಗೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲು ಹಾಸಿ, ನೀರನ್ನು ಪಕ್ಕಕ್ಕೆ ತಿರುಗಿಸಿ. ಅಂತರ ಹೆಚ್ಚುತ್ತಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಕಂಬ ವಾಲಿದರೆ, ಹೊಸ ಒರತೆ ಕೆಸರಾಗಿ ಹರಿದರೆ ಅಳತೆ ಸಾಕು, ಮನೆ ಬಿಡಿ. ಎಲ್ಲಕ್ಕಿಂತ ಅಪಾಯದ ಸೂಚನೆ: ಭಾರಿ ಮಳೆಯಲ್ಲೂ ತೋಡಿನ, ಅಂದರೆ ಹಳ್ಳದ, ನೀರು ಏಕಾಏಕಿ ಇಳಿಯುವುದು. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು, ಅದು ಒಡೆದರೆ ಬಂಡೆ ಮರಗಳ ಸಮೇತ ಬರುತ್ತದೆ. ತೋಡಿನ ಗುಂಟ ಕೆಳಗೆ ಓಡಬೇಡಿ. ಅಡ್ಡಲಾಗಿ, ಕಡಿಯದ ದಿಣ್ಣೆಯ ಕಡೆ ಹೋಗಿ.

ಕತ್ತಲಾಗುವ ಮೊದಲೇ ಹೊರಡುವುದು ಉತ್ತಮ. ಜಿಲ್ಲಾ ವಿಪತ್ತು ಸಹಾಯವಾಣಿ 1077. ತೋಟದ ಮಾಲೀಕರು ಸೆಂಟ್ ಲೆಕ್ಕವನ್ನು ಡೈರಿಯಲ್ಲಷ್ಟೇ ಇಟ್ಟುಕೊಳ್ಳದೆ ಕಾರ್ಮಿಕರ ಲೈನ್ ಮನೆಗಳಿಗೂ ಅದೇ ದಿನ ತಿಳಿಸಬೇಕು, ಅಲ್ಲಿರುವವರು ಎಲ್ಲಿಗೆ ಹೋಗಬೇಕೆಂಬುದನ್ನು ಜೂನ್‌ಗೆ ಮೊದಲೇ ಗೊತ್ತು ಮಾಡಿರಬೇಕು.