ತಾಯಿ ಕಾರ್ಡ್ ಟ್ರಂಕಿನಾಗ ಇಟ್ಟು ಪುಣೆಗೆ ಬರಬ್ಯಾಡ್ರಿ

ನನ್ನೂರು ಧಾರವಾಡ, ಪುಣೆಯ ವಾಕಡ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ಎಲ್ಲಿ ಹೊಸ ಬಿಲ್ಡಿಂಗ್ ಏಳ್ತಿದ್ರೂ ಅಲ್ಲಿ ನಮ್ಮ ಕನ್ನಡ ಕಿವಿಗೆ ಬೀಳುತ್ತೆ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಗಂಡ ಹೆಂಡ್ತಿ ಇಬ್ರೂ ಗೌಂಡಿ ಕೆಲಸಕ್ಕೆ ಬಂದಿರ್ತಾರೆ, ಸೈಟಿನ ಪಕ್ಕದಲ್ಲೇ ತಗಡಿನ ಶೆಡ್ಡಲ್ಲಿ ಇರ್ತಾರೆ. ಹೋದ ವರ್ಷದ ಹಿಂದಿನ ದಸರಾಕ್ಕೆ ಚೆಂಡುಹೂ ತಗೊಳ್ಳೋಕೆ ನಿಂತಾಗ ಪಕ್ಕದಲ್ಲಿ ಒಬ್ಳು ಹುಡುಗಿ "ಇಷ್ಟಕ್ಕ ಇಪ್ಪತ್ತಾ?" ಅಂತ ಹೂವಿನವನ ಜೊತೆ ಕನ್ನಡದಲ್ಲೇ ಜಗಳ ಆಡ್ತಿದ್ಲು, ಅವನಿಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ನಾನು ನಡುವೆ ಬಾಯಿ ಹಾಕ್ದೆ. ಸುರಪುರ ತಾಲ್ಲೂಕಿನವಳು, ಇಪ್ಪತ್ತರ ಆಸುಪಾಸು, ಐದು ತಿಂಗಳ ಬಸುರಿ. ತುಟಿ ಬಿಳಚಿಕೊಂಡಿತ್ತು, ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು. ಯಾವ ದವಾಖಾನೆಗೆ ತೋರಿಸ್ತಿದ್ದೀ ಅಂತ ಕೇಳಿದ್ದಕ್ಕೆ "ಎಲ್ಲೂ ಇಲ್ಲ ಯಕ್ಕಾ. ತಾಯಿ ಕಾರ್ಡ್ ಊರಾಗ ಅದ, ಅವ್ವನ ಟ್ರಂಕಿನಾಗ. ಇಲ್ಲಿ ನಮ್ಮ ಕಾರ್ಡ್ ನಡಿಯಂಗಿಲ್ಲಂತ" ಅಂದ್ಲು.

ಈ ಮಾತನ್ನ ಆಮೇಲೆ ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ, ಅದಕ್ಕೇ ಊರಲ್ಲಿರೋ ನೀವು ಓದ್ಲಿ ಅಂತ ಇದನ್ನ ಬರೀತಿದ್ದೀನಿ. ಕಾರ್ಡ್ ನಡಿಯುತ್ತೆ. ನಮ್ಮಲ್ಲಿ ತಾಯಿ ಕಾರ್ಡ್ ಅಂತೀವಿ, ಇಲ್ಲಿ ಮಾತಾ ಬಾಲ ಸಂರಕ್ಷಣ ಕಾರ್ಡ್ ಅಂತಾರೆ, ಒಳಗೆ ಇರೋದು ಅದೇ ವಿಷಯ, ಎಷ್ಟು ಸಲ ತಪಾಸಣೆ ಆಗಿದೆ, ರಕ್ತ ಎಷ್ಟಿದೆ, ಯಾವ ಸೂಜಿ ಆಗಿದೆ, ಮಗುಗೆ ಯಾವ ಲಸಿಕೆ ಬಾಕಿ ಇದೆ. ಅಂಗನವಾಡಿ ಅನ್ನೋದೂ ಬೇರೆ ದೇಶದ್ದಲ್ಲ, 1975ರ ಅಕ್ಟೋಬರ್ 2ಕ್ಕೆ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂಗನವಾಡಿ ನಡೆಸೋದು ಇದೇ) ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಟಿ. ನರಸೀಪುರಕ್ಕೆ, ಅದೇ ಯೋಜನೆ ಇಲ್ಲೂ ನಡೀತಿದೆ. ಈಗ ಅಂಗನವಾಡಿಯವರು ಹೆಸರು ದಾಖಲು ಮಾಡೋ ಪೋಷಣ್ ಟ್ರ್ಯಾಕರ್ ಆ್ಯಪಲ್ಲಿ ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ಹೆಸರು ಬದಲಾಯಿಸಬಹುದು, ರಾಜ್ಯ ಬೇರೆ ಆದ್ರೂ.

ಮೊದಲ ಸಲ ಅವಳು ಗಂಡನ ಜೊತೆ ಒಂದು ಸರ್ಕಾರಿ ದವಾಖಾನೆಗೆ ಹೋಗಿದ್ಲಂತೆ. ಕಿಟಕಿ ಹತ್ರ "ಕೇಸ್ ಪೇಪರ್ ಕಾಢಾ" ಅಂದ್ರಂತೆ, ಇವ್ರಿಗೆ ತಿಳಿಲಿಲ್ಲ, ಆಮೇಲೆ ಆಧಾರಲ್ಲಿ ಇಲ್ಲಿನ ಅಡ್ರೆಸ್ ಇಲ್ಲ ಅಂದ್ರಂತೆ, ಸುಮ್ನೆ ವಾಪಸ್ ಬಂದ್ರು. ಅರ್ಧ ದಿನದ ಪಗಾರ ಹೋಯ್ತು. ಕೇಸ್ ಪೇಪರ್ ಅಂದ್ರೆ ನಮ್ಮ ಕಡೆ ಚೀಟಿ ಮಾಡಿಸೋದು, ಅಷ್ಟೇ! ಅದೊಂದು ಶಬ್ದ ಗೊತ್ತಿಲ್ದೆ ಒಬ್ಬ ಬಸುರಿ ಹೆಂಗಸು ಎರಡು ತಿಂಗಳು ಯಾರಿಗೂ ತೋರಿಸ್ದೆ ಉಳಿದ್ಲು ಅಂದ್ರೆ ನನಗೆ ಹೊಟ್ಟೆ ಉರೀತು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ, ಸರ್ಕಾರಿ ದವಾಖಾನೆಗೆ ಬಂದ ಯಾವ ಬಸುರಿಗೇ ಆಗ್ಲಿ ತಪಾಸಣೆ, ಔಷಧ, ಹೆರಿಗೆ, ಸಿಸೇರಿಯನ್ ಆದ್ರೆ ಅದೂ, ರಕ್ತ ಬೇಕಾದ್ರೆ ರಕ್ತ, ದವಾಖಾನೆಲಿ ಇರೋವರೆಗೂ ಊಟ, ಮನೆಗೆ ವಾಪಸ್ ಬಿಡೋ ಗಾಡಿ, ಎಲ್ಲಾ ಪುಕ್ಕಟೆ. ಯಾವ ಊರಿನವಳು ಅನ್ನೋ ಪ್ರಶ್ನೆನೇ ಅಲ್ಲಿ ಬರಬಾರದು.

ನಾನು ಜೊತೆಗೆ ಹೋದೆ. ಬೇರೇನೂ ಮಾಡ್ಲಿಲ್ಲ, ಜೊತೆಗೆ ಹೋಗಿ ಮಾತಾಡ್ದೆ. ಅವಳ ತಮ್ಮನಿಗೆ ಫೋನ್ ಮಾಡಿ ಟ್ರಂಕ್ ತೆಗೆಸಿ ಕಾರ್ಡಿನ ಎಲ್ಲಾ ಪುಟದ ಫೋಟೋ ವಾಟ್ಸಾಪಲ್ಲಿ ತರಿಸಿದ್ವಿ. ಸಿಸ್ಟರ್ ಅದನ್ನ ನೋಡಿ ಯಾವ ತಕರಾರೂ ಮಾಡ್ಲಿಲ್ಲ, ಹೊಸ ಕಾರ್ಡಿಗೆ ಎಲ್ಲಾ ಬರಕೊಂಡ್ರು. ರಕ್ತ ಚೆಕ್ ಮಾಡಿದ್ರೆ ಹಿಮೋಗ್ಲೋಬಿನ್ 7.8. ಬಸುರಿಗೆ 11 ಇರಬೇಕು, 7ಕ್ಕಿಂತ ಕೆಳಗೆ ಹೋದ್ರೆ ಅದು ತೀರಾ ಅಪಾಯ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 100 ಬಸುರಿಯರಲ್ಲಿ 52 ಜನಕ್ಕೆ ರಕ್ತ ಕಡಿಮೆ, ಆ ಲೆಕ್ಕ ಓದಿದಾಗ ಏನೂ ಅನ್ಸಿರ್ಲಿಲ್ಲ, ಆ ಬಿಳಚಿದ ಉಗುರು ಕಣ್ಣೆದುರು ನೋಡಿದಾಗ ಗೊತ್ತಾಯ್ತು.

ಊರಲ್ಲಿ ಆಶಾ ಕೊಟ್ಟಿದ್ದ ಕಬ್ಬಿಣಾಂಶದ ಗುಳಿಗೆ ಏನ್ಮಾಡ್ದೆ ಅಂತ ಕೇಳ್ದೆ. ಮೊದಲು ಸುಮ್ನಿದ್ಲು, ಆಮೇಲೆ ಮೆಲ್ಲಗೆ "ಒಗದೀನಿ ಯಕ್ಕಾ. ಸಂಡಾಸ ಕರ್ರಗ ಆತು, ಹೆದರಿಕಿ ಬಂತು. ಕೂಸೂ ಕರ್ರಗ ಹುಟ್ತದ ಅಂದ್ರು ನಮ್ಮತ್ತಿ" ಅಂದ್ಲು. ನಾನು ಸಿಸ್ಟರ್‌ಗೆ ಮರಾಠಿಲಿ ಹೇಳ್ದೆ, ಅವ್ರು ಪೆನ್ನು ಕೆಳಗಿಟ್ಟು ಅವಳ ಕೈ ಹಿಡ್ಕೊಂಡು ಹೇಳಿದ್ದನ್ನ ನಾನು ಕನ್ನಡದಲ್ಲಿ ಹೇಳ್ತಾ ಹೋದೆ. ಗುಳಿಗೆಲಿ ಕಬ್ಬಿಣ ಇರೋದಕ್ಕೆ ಹಾಗೆ ಕಪ್ಪಾಗುತ್ತೆ, ಅದು ಕೆಡಕಲ್ಲ. ಕೂಸಿನ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಊಟ ಆದ್ಮೇಲೆ ತಗೋ, ಚಹಾ ಜೊತೆ ಮಾತ್ರ ಬೇಡ, ಚಹಾ ಕುಡಿದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ, ಲಿಂಬಿಹಣ್ಣು ಹಿಂಡಿದ ನೀರು ಕುಡಿ. ಹತ್ತು ನಿಮಿಷದ ಮಾತು ಅಷ್ಟೇ. ಬಸುರಲ್ಲಿ 180 ಗುಳಿಗೆ, ಹೆರಿಗೆ ಆದ್ಮೇಲೆ ಇನ್ನೂ 180 ಸರ್ಕಾರ ಪುಕ್ಕಟೆ ಕೊಡುತ್ತೆ, ಅವಳಿಗೆ ರಕ್ತ ಕಡಿಮೆ ಅಂತ ದಿನಕ್ಕೆ ಎರಡು ಬರೆದ್ರು. ಆದ್ರೆ ಅವಳ ಭಾಷೆಲಿ ಈ ಹತ್ತು ನಿಮಿಷ ಯಾರಾದ್ರೂ ಮಾತಾಡದಿದ್ರೆ ಆ ಗುಳಿಗೆ ಎಲ್ಲಾ ಶೆಡ್ಡಿನ ಹಿಂದೆ ಮಣ್ಣು ಸೇರುತ್ತೆ. ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೆ ಡಾಕ್ಟರ್ ತಪಾಸಣೆ ಇರುತ್ತೆ, 2016ರಿಂದ ಇಡೀ ದೇಶದಲ್ಲಿ ಇದೆ, ಅವತ್ತು ಹೋದ್ರೆ ದೊಡ್ಡ ಡಾಕ್ಟರೇ ನೋಡ್ತಾರೆ. ನವೆಂಬರ್ 9ಕ್ಕೆ ಹೋದ್ವಿ, ಡಿಸೆಂಬರ್ 9ಕ್ಕೆ ಹೋದಾಗ 9.6 ಆಗಿತ್ತು.

ಅಂಗನವಾಡಿ ತಾಯಿ (ಇಲ್ಲಿ ತಾಯಿ ಅಂದ್ರೆ ಅಕ್ಕ, ನಮ್ಮವಳು ಮೊದಲು ಅಮ್ಮ ಅಂತಲೇ ತಿಳ್ಕೊಂಡಿದ್ಲು) ಹೆಸರು ಬರಕೊಂಡು ಆಹಾರದ ಪ್ಯಾಕೆಟ್ ಕೊಡೋಕೆ ಶುರು ಮಾಡಿದ್ರು. ನಮ್ಮಲ್ಲಿ 2017ರಿಂದ ಮಾತೃಪೂರ್ಣ ಅಂತ ಬಸುರಿ ಬಾಣಂತಿಯರಿಗೆ ಅಂಗನವಾಡಿಲೇ ಬಿಸಿ ಊಟ ಹಾಕ್ತಾರಲ್ಲ, ಇಲ್ಲಿ ಶಹರದಲ್ಲಿ ಹಾಗಿಲ್ಲ, ಮನೆಗೇ ಒಯ್ಯೋ ಪ್ಯಾಕೆಟ್. ನನಗಂತೂ ನಮ್ಮ ಪದ್ಧತಿನೇ ಚಲೋ ಅನ್ಸುತ್ತೆ, ಯಾಕಂದ್ರೆ ಪ್ಯಾಕೆಟ್ ಮನೆಗೆ ಹೋದ್ರೆ ಮನೆಮಂದಿ ಎಲ್ಲಾ ತಿಂತಾರೆ, ಬಸುರಿ ಕೊನೆಗೆ ಉಳಿದಿದ್ದು ತಿಂತಾಳೆ.

ದುಡ್ಡಿನ ವಿಷಯನೂ ಹೇಳ್ತೀನಿ. ಮಾತೃ ವಂದನಾ ಯೋಜನೆಲಿ ಮೊದಲ ಮಗುಗೆ 5,000 ಬರುತ್ತೆ, ಬಸುರಿ ಅಂತ ನೋಂದಾಯಿಸಿ ತಪಾಸಣೆ ಆದ್ಮೇಲೆ 3,000, ಮಗು ಹುಟ್ಟಿದ ನೋಂದಣಿ, ಮೊದಲ ಸುತ್ತಿನ ಲಸಿಕೆ ಮುಗಿದ್ಮೇಲೆ 2,000. ಎರಡನೇದು ಹೆಣ್ಣಾದ್ರೆ 6,000. 2013ರ ಆಹಾರ ಭದ್ರತಾ ಕಾಯ್ದೆಲಿ 6,000ಕ್ಕೆ ಕಡಿಮೆ ಇರಬಾರದು ಅಂತ ಬರೆದಿದೆ, ಹಾಗಿದ್ರೂ ಈ ಯೋಜನೆಲಿ ಮೊದಲ ಮಗುಗೆ 5,000 ಯಾಕೆ ಅಂತ ನಾನು ಕೇಳ್ತೀನಿ. ಗೌಂಡಿ ಕೆಲಸದವರಿಗೆ ಇನ್ನೊಂದು ಇದೆ, ಕಟ್ಟಡ ಕಾರ್ಮಿಕರ ಮಂಡಳಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ತೋರಿಸಿ ಹೆಸರು ನೋಂದಾಯಿಸಿದ್ರೆ ಮಹಾರಾಷ್ಟ್ರದಲ್ಲಿ ಸಹಜ ಹೆರಿಗೆಗೆ 15,000, ಸಿಸೇರಿಯನ್‌ಗೆ 20,000 ಕೊಡ್ತಾರೆ. ಇವರ ಗುತ್ತಿಗೆದಾರ ಆ 90 ದಿನದ ಸರ್ಟಿಫಿಕೇಟಿಗೆ ಸಹಿ ಹಾಕ್ತೀನಿ ಹಾಕ್ತೀನಿ ಅಂತ ಕೊನೆಗೂ ಹಾಕ್ಲಿಲ್ಲ. ಆ ದುಡ್ಡು ಹೋಯ್ತು.

ಡಿಸೆಂಬರಲ್ಲಿ ಶೆಡ್ಡಲ್ಲೇ ಕುಬಸ (ಸೀಮಂತ) ಮಾಡಿದ್ವಿ, ನಾನು ಹಸಿರು ಬಳೆ ಒಯ್ದಿದ್ದೆ. ಎಂಟರಲ್ಲಿ ತವರಿಗೆ ಹೋದ್ಲು. ಫೆಬ್ರವರಿಲಿ ಗಂಡು ಮಗು, 2.6 ಕೆಜಿ, ಬಿಸಿಜಿ, ಪೋಲಿಯೋ ಹನಿ ಎಲ್ಲಾ ಅಲ್ಲೇ ಆಯ್ತು, ಆರು ವಾರದ ಲಸಿಕೆನೂ ಆಯ್ತು. ಹತ್ತು ವಾರದ್ದು ತಪ್ಪಿತು! ಅವತ್ತು ಅವಳನ್ನ ಗಂಡನ ಊರಿಗೆ ಕಳಿಸಿದ್ರು, ಆ ಊರಿನ ಆಶಾ ಪಟ್ಟಿಲಿ ಇವಳ ಹೆಸರಿಲ್ಲ, ತವರಿನ ಆಶಾ ಅಲ್ಲಿ ಕಾಯ್ತಾ ಇದ್ರು. ತವರು, ಗಂಡನ ಮನೆ, ಪುಣೆ, ಹೀಗೆ ಮೂರು ಊರು ತಿರುಗೋ ಕೂಸಿಗೆ ಯಾರ ಪಟ್ಟಿಲೂ ಜಾಗ ಇರಲ್ಲ ನೋಡಿ. ಕಾರಹುಣ್ಣಿಮೆ ಮುಗಿಸಿ ಪುಣೆಗೆ ಬಂದಾಗ ಮಗುಗೆ ನಾಲ್ಕು ತಿಂಗಳು, "ಇನ್ನ ಮೊದಲಿಂದ ಹಾಕ್ತಾರೇನು ಯಕ್ಕಾ?" ಅಂತ ಅವಳಿಗೆ ಭಯ. ಮೊದಲಿಂದ ಹಾಕಲ್ಲ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸ್ತಾರೆ, ನಡುವೆ ನಾಲ್ಕು ವಾರ ಬಿಟ್ಟು. ತಡ ಆಯ್ತು ಅಂತ ನಾಚ್ಕೊಂಡು ಹೋಗದೇ ಇರೋದೇ ದೊಡ್ಡ ತಪ್ಪು. ಆ 2,000 ರೂಪಾಯಿನೂ ಅಷ್ಟೇ ತಡ ಆಗಿ ಬಂತು.

ಅಕ್ಟೋಬರಲ್ಲಿ ಅಂಗನವಾಡಿಲಿ ನಡೆದಿದ್ದು ಇನ್ನೂ ಕಣ್ಣಲ್ಲಿದೆ. ಒಂದೇ ಖೋಲಿ, ನೆಲಕ್ಕೆ ಚಾಪೆ, ತೂಕದ ಜೋಳಿಗೆಲಿ ಕೂಸು ಕೂತು ಕಾಲು ಬಡೀತಾ ಅಳ್ತಿತ್ತು. ತೂಕ ಆದ್ಮೇಲೆ ಅಂಗನವಾಡಿ ತಾಯಿ ಒಂದು ಕಾಗದದಂಥ ಪಟ್ಟಿ ತೆಗೆದು ಕೂಸಿನ ಎಡ ತೋಳಿಗೆ ಸುತ್ತಿದ್ರು. ಅದರಲ್ಲಿ ಕೆಂಪು, ಹಳದಿ, ಹಸಿರು ಬಣ್ಣ, 11.5 ಸೆಂಟಿಮೀಟರಿಗಿಂತ ಕಡಿಮೆ ಕೆಂಪು, 12.5ರವರೆಗೆ ಹಳದಿ. ಇವನದು 12.1. "ಪಿವಳ್ಯಾತ್ ಆಹೇ" ಅಂದ್ರು. ಅವಳು ನನ್ನ ಮುಖ ನೋಡಿದ್ಲು. ಹಳದಿ ಅಂದೆ. ಹಳದಿ ಅಂದ್ರೆ ಕಾಮಾಲೆ ಅಂತ ತಿಳ್ಕೊಂಡು ಅಳೋಕೇ ಶುರು ಮಾಡಿದ್ಲು ಪಾಪ, ಮಗುಗೆ ಆಹಾರ ಸಾಲ್ತಿಲ್ಲ, ತೋಳು ಸಣ್ಣಗಿದೆ, ಇನ್ನೂ ಕೈ ಮೀರಿಲ್ಲ ಅಂತ ಕೂರಿಸಿ ಹೇಳಬೇಕಾಯ್ತು.

ಏನು ತಿನ್ನಸ್ತೀ ಅಂದ್ರೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ತಿಳಿ ಸಾರು. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗೋಳು, ಕೂಸನ್ನ ನಾದಿನಿ ನೋಡ್ಕೊಳ್ತಾಳೆ, ಅವಳಿಗೇ ಹನ್ನೊಂದು ವರ್ಷ. ಕೂಸಿನ ಅವ್ವನ್ನ ಬೈಯೋಕೆ ನನಗೆ ಬಾಯಿ ಬರ್ಲಿಲ್ಲ. ಅಂಗನವಾಡಿ ತಾಯಿನೂ ಬೈಲಿಲ್ಲ, ಒಂದು ಚಮಚ ತೋರಿಸಿ ಬಗ್ಗಿಸಿದ್ರು, ಬಗ್ಗಿಸಿದಾಗ ಸುರಿದು ಹೋದ್ರೆ ಅದು ಊಟ ಅಲ್ಲ, ಚಮಚದಲ್ಲೇ ನಿಲ್ಲುವಷ್ಟು ಗಟ್ಟಿ ಇರಬೇಕು ಅಂತ. ಜೋಳದ ಹಿಟ್ಟಿನ ಗಂಜಿ, ಅದಕ್ಕೆ ಸಣ್ಣಗೆ ಕುಟ್ಟಿದ ಶೇಂಗಾಪುಡಿ, ಒಂದು ಚಮಚ ಎಣ್ಣೆ ಇಲ್ಲ ತುಪ್ಪ, ಕುದಿಸಿದ ತತ್ತಿ, ಕಿವುಚಿದ ಬಾಳೆಹಣ್ಣು, ಅಂಗನವಾಡಿ ಪ್ಯಾಕೆಟ್ಟು ಕೂಸಿಗೇ ಮೀಸಲು. ಎದೆಹಾಲು ಬಿಡಬಾರದು. ಶೇಂಗಾ, ಜೋಳ ಅಂದ ಕೂಡ್ಲೇ ಅವಳ ಮುಖ ಅರಳ್ತು, ಅದು ಅವಳ ಮನೆಲೇ ಇರೋ ಸಾಮಾನು, ಊರಿಂದ ಬರುವಾಗ ಚೀಲದಲ್ಲಿ ತಂದಿದ್ದು. ಎರಡು ತಿಂಗಳಿಗೆ 12.7 ಆಯ್ತು, ಹಸಿರಿಗೆ ಬಂತು. ಅವತ್ತು ಆ ಪಟ್ಟಿನ ಮತ್ತೊಂದು ಸಲ ಸುತ್ತಿ ತೋರಿಸ್ರಿ ಅಂತ ಅವಳೇ ಹಠ ಮಾಡಿದ್ಲು.

ಈಗ ಮೇ ತಿಂಗಳು. ಬಿತ್ತನೆಗೆ ಗಂಡ ಹೆಂಡ್ತಿ ಊರಿಗೆ ಹೊರಟಿದ್ದಾರೆ. ಮಗುಗೆ ಜೂನಲ್ಲಿ 16 ತಿಂಗಳು ತುಂಬುತ್ತೆ, ದಡಾರ-ರುಬೆಲ್ಲಾ ಎರಡನೇ ಡೋಸು, ಡಿಪಿಟಿ ಬೂಸ್ಟರು ಅವಾಗ ಹಾಕಿಸಬೇಕು, ಅಂದ್ರೆ ಸುರಪುರದಲ್ಲಿ. ನಿನ್ನೆ ಸಂಜೆ ಮನೆಗೆ ಬಂದಿದ್ಲು, ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿದ್ಲು. ಸಿಸ್ಟರ್ ತಾರೀಕನ್ನ ಮರಾಠಿ ಅಂಕಿಲಿ ಬರೆದಿದ್ರು. "ಇದು ನಮ್ಮ ಆಶಾ ಅಕ್ಕಗ ಓದಾಕ ಬರಂಗಿಲ್ಲ, ಕೆಳಗ ಕನ್ನಡದಾಗ ಬರದ ಕೊಡ್ರಿ ಯಕ್ಕಾ" ಅಂದ್ಲು. ಬರೆದು ಕೊಟ್ಟೆ. ಆಶಾ ಅವರ ನಂಬರ್ ಅವಳ ಫೋನಲ್ಲೇ ಇತ್ತು, ಅಲ್ಲೇ ಹಚ್ಚಿದ್ಲು, ಗಂಡನ ಊರಿಗೆ ಬರ್ತೀನಿ, ಜೂನ್‌ಗೆ ಸೂಜಿ ಅದ, ಹೆಸರು ಬರ್ಕೊಂಡಿರ್ರಿ ಅಂತ ತಾನೇ ಹೇಳಿದ್ಲು.