ಕಿವಿಗೊಟ್ಟು ನೋಡಿದ ಕನ್ನಡ ಸಿನಿಮಾಗಳು: ಮಲ್ಪೆಯಿಂದ ಮಂಡ್ಯದವರೆಗೆ

ಕಳೆದ ಒಂದು ದಶಕದ ಕನ್ನಡ ಚಿತ್ರಗಳನ್ನು ಧ್ವನಿಗಾಗಿಯೇ ಮತ್ತೆ ನೋಡುವ ಕೆಲಸ ಈಗ ಕರಾವಳಿಯ ಚಿತ್ರಗಳನ್ನು ದಾಟಿ ಮಂಡ್ಯಕ್ಕೆ ಬಂದು ನಿಂತಿದೆ. ಕಥೆ ಹೇಗಿದೆ, ಫೈಟ್ ಹೇಗಿದೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ನೋಡುತ್ತಿರುವುದು ಒಂದೇ ವಿಷಯ: ಪಾತ್ರ ಆಡಿದ ಮಾತು ತೆರೆಯ ಮೇಲೆ ಕಾಣುವ ಆ ಜಾಗದಲ್ಲೇ ಹುಟ್ಟಿದ ಹಾಗೆ ಕೇಳುತ್ತದೆಯೇ, ಇಲ್ಲ ನಾಲ್ಕು ಗೋಡೆಯ ಸ್ಟುಡಿಯೊದಲ್ಲಿ ಮೈಕಿನ ಮುಂದೆ ನಿಂತು ಆಡಿದ ಹಾಗೆ ಕೇಳುತ್ತದೆಯೇ? ಊರಿನ ಮಾತನ್ನೇ ನೆಚ್ಚಿಕೊಂಡ ಚಿತ್ರ ನಿಲ್ಲುವುದೂ ಬೀಳುವುದೂ ಇಲ್ಲೇ.

ನೋಡುವ ಕ್ರಮ ಹೀಗೆ. ಸಾಧ್ಯವಾದರೆ ಮೊದಲು ಥಿಯೇಟರಿನಲ್ಲಿ, ಆಮೇಲೆ ಮನೆಯಲ್ಲಿ ತಂತಿ ಇರುವ ಹೆಡ್‌ಫೋನಿನಲ್ಲಿ. ಬ್ಲೂಟೂತ್ ಬೇಡ. ಅದರಲ್ಲಿ ಧ್ವನಿ ತಡವಾಗಿ ಬರುತ್ತದೆ, ಕೆಲವು ಆಪ್‌ಗಳು ಅದನ್ನು ಸರಿದೂಗಿಸಿದರೆ ಕೆಲವು ಸರಿದೂಗಿಸುವುದಿಲ್ಲ. ಹಾಗಾಗಿ ತುಟಿ ಹೊಂದಾಣಿಕೆಯ ಬಗ್ಗೆ ಬರೆದುಕೊಂಡದ್ದೆಲ್ಲ ಸಂಶಯಕ್ಕೆ ಬೀಳುತ್ತದೆ. ಟಿವಿಯಲ್ಲಿ ನೋಡುವುದಾದರೆ ನೈಟ್ ಮೋಡ್, ಆಟೊ ವಾಲ್ಯೂಮ್ ಎರಡನ್ನೂ ಆಫ್ ಮಾಡಬೇಕು. ಇವು ಪಿಸುಮಾತನ್ನು ಮೇಲೆತ್ತಿ ಕೂಗನ್ನು ಅದುಮಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಸಬ್‌ಟೈಟಲ್ ಕೂಡ ಇರಬಾರದು, ಏಕೆಂದರೆ ಕಣ್ಣು ಓದತೊಡಗಿದರೆ ಕಿವಿ ಕೆಲಸ ನಿಲ್ಲಿಸುತ್ತದೆ. ಒಟಿಟಿಯಲ್ಲಿ ಆಡಿಯೊ ಕನ್ನಡದಲ್ಲೇ ಇದೆಯೇ ಎಂದು ಶುರುವಿನಲ್ಲೇ ನೋಡಿಕೊಳ್ಳಬೇಕು. ಒಮ್ಮೊಮ್ಮೆ ಆಪ್ ತಾನಾಗಿ ಹಿಂದಿ ಡಬ್ಬಿಂಗ್ ಹಾಕಿರುತ್ತದೆ. ಆರು ಚಾನೆಲ್ಲಿನ 5.1 ಟ್ರ್ಯಾಕಿನ ಜೊತೆಗೆ ಎರಡು ಚಾನೆಲ್ಲಿನ ಸ್ಟೀರಿಯೊ ಟ್ರ್ಯಾಕೂ ಇದ್ದರೆ ಹೆಡ್‌ಫೋನಿಗೆ ಸ್ಟೀರಿಯೊ ಒಳ್ಳೆಯದು. 5.1ರಲ್ಲಿ ಮಾತು ಹೆಚ್ಚಾಗಿ ನಡುವಿನ ಚಾನೆಲ್ಲಿನಲ್ಲಿರುತ್ತದೆ. ಅದನ್ನು ಎರಡಕ್ಕೆ ಇಳಿಸುವಾಗ ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುತ್ತಾರೆ. ಸಂಗೀತ ಜೋರಾಗಿರುವ ಕಡೆ ಮಾತು ಮುಳುಗಲು ಇದೂ ಒಂದು ಕಾರಣ.

ಥಿಯೇಟರಿನಲ್ಲಿ ಕೂರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಧ್ವನಿ ಗಾಳಿಯಲ್ಲಿ ಸಾಗುವುದು ಸುಮಾರು 14 ಮೀಟರ್. ತೆರೆಯಿಂದ 28 ಮೀಟರ್ ದೂರದ ಹಿಂದಿನ ಸಾಲಿಗೆ ಮಾತು ತಲುಪುವಾಗ ಚಿತ್ರ ಎರಡು ಫ್ರೇಮ್ ಮುಂದೆ ಹೋಗಿರುತ್ತದೆ. ಅಲ್ಲಿ ಕೂತು ‘ಡಬ್ಬಿಂಗ್ ಸರಿಯಿಲ್ಲ’ ಎಂದರೆ ಡಬ್ಬಿಂಗ್ ಮಾಡಿದವರಿಗೆ ಅನ್ಯಾಯ. ಮುಂದಿನಿಂದ ಮೂರನೇ ಎರಡು ಭಾಗದಷ್ಟು ಹಿಂದೆ, ಸಾಲಿನ ನಡುವೆ ಕೂತರೆ ಒಳ್ಳೆಯದು. ತೀರ ಗೋಡೆ ಬದಿಯ ಸೀಟಿನಲ್ಲಿ ಪಕ್ಕದ ಸರೌಂಡ್ ಸ್ಪೀಕರೇ ಎಲ್ಲವನ್ನೂ ನುಂಗಿಹಾಕುತ್ತದೆ.

ಇನ್ನೊಂದು ವಿಷಯ, ವಾಲ್ಯೂಮ್. ಥಿಯೇಟರಿನ ಧ್ವನಿ ನಡೆಸುವ ಡಾಲ್ಬಿ ಪ್ರೊಸೆಸರಿನ ಫೇಡರ್, ಅಂದರೆ ವಾಲ್ಯೂಮ್ ಗುಂಡಿ, 7ರಲ್ಲಿದ್ದರೆ ಅದು ಮಿಕ್ಸಿಂಗ್ ಮಾಡಿದ, ಅಂದರೆ ಮಾತು, ಸಂಗೀತ, ಸದ್ದು ಬೆರೆಸಿದ, ಕೋಣೆಯ ಮಟ್ಟ. ಜೋರಾಯಿತೆಂದು ಪ್ರೇಕ್ಷಕರು ದೂರಿದಾಗ 5ಕ್ಕೆ ಇಳಿಸಿ ಹಾಗೇ ಬಿಡುವುದು ಎಷ್ಟೋ ಕಡೆ ರೂಢಿ. 7ರಿಂದ 5 ಎಂದರೆ ಬರೀ ಎರಡು ಅಂಕಿಯಲ್ಲ, ಸುಮಾರು 6.7 ಡೆಸಿಬೆಲ್ ಇಳಿಕೆ; 4ರಿಂದ ಕೆಳಗೆ ಇನ್ನೂ ಕಡಿದಾಗಿ ಬೀಳುತ್ತದೆ. ಫೈಟು, ಹಾಡು ಅಷ್ಟಾದರೂ ಕೇಳುತ್ತವೆ. ಹೋಗುವುದು ಮಾತಿನ ಕೊನೆಯ ಅಕ್ಷರ, ಉಸಿರು, ದೂರದ ನಾಯಿಯ ಬೊಗಳು. ದೃಶ್ಯ ನಿಂತಿರುವುದು ಅವುಗಳ ಮೇಲೆ. ಹಾಗಾಗಿ ಥಿಯೇಟರಿನಲ್ಲಿ ಪೇಲವ ಅನ್ನಿಸಿದ ಚಿತ್ರವನ್ನು ಹೆಡ್‌ಫೋನಿನಲ್ಲಿ ಕೇಳುವ ತನಕ ತೀರ್ಪು ಬರೆಯುವುದಿಲ್ಲ.

ಉಳಿದವರು ಕಂಡಂತೆ, 2014

ಮಲ್ಪೆಯ ಚಿತ್ರ, ಸ್ಥಳದಲ್ಲೇ ಧ್ವನಿ ಹಿಡಿದದ್ದು. ಆಗಿನ ಕನ್ನಡ ಚಿತ್ರರಂಗದಲ್ಲಿ ಇದು ಸಣ್ಣ ಧೈರ್ಯವಲ್ಲ. ಕಡಲ ಬದಿಯಲ್ಲಿ ಮೈಕಿಗೆ ಮೊದಲ ಶತ್ರು ಗಾಳಿ, ಎರಡನೆಯದು ಅಲೆಯ ಮೊರೆತ. ಒಂದೇ ಸಂಭಾಷಣೆಯನ್ನು ಎರಡು ಕೋನದಿಂದ ತೆಗೆದು ಜೋಡಿಸಿದರೆ ಕಟ್ ಆದಲ್ಲೆಲ್ಲ ಅಲೆಯ ಸದ್ದು ಕುಪ್ಪಳಿಸುತ್ತದೆ. ಅದನ್ನು ಮುಚ್ಚಲು ಅದೇ ಜಾಗದ ಬರೀ ವಾತಾವರಣವನ್ನು ಅರ್ಧ-ಒಂದು ನಿಮಿಷ ಬೇರೆಯಾಗಿ ದಾಖಲಿಸಿಟ್ಟುಕೊಂಡು ಎರಡೂ ಕಟ್‌ಗಳ ಕೆಳಗೆ ಹಾಸಬೇಕು.

ಮುನ್ನನ ಅಧ್ಯಾಯ ಈ ಚಿತ್ರದ ಕಿವಿ. ಮುನ್ನನಾಗಿ ಕಿಶೋರ್ ಆಡುವ ಮಾತು ತೀರ ಕಡಿಮೆ, ಮಿಕ್ಕದ್ದನ್ನು ಜಾಗ ಹೇಳುತ್ತದೆ. ಇನ್ನೊಂದು ಪಾತ್ರ ರಿಚ್ಚಿಯ ಭಾಗದಲ್ಲಿ ಕರಾವಳಿ ಕನ್ನಡದ ಎಳೆತ ಹಾಗೇ ಉಳಿದಿದೆ, ಸ್ಟುಡಿಯೊಗೆ ಬಂದು ಮತ್ತೆ ಹೇಳಿದ್ದರೆ ಆ ಎಳೆತ ನೆಟ್ಟಗಾಗಿಬಿಡುತ್ತಿತ್ತು. ದೂರು ಇರುವುದು ಅಜನೀಶ್ ಲೋಕನಾಥ್ ಸಂಗೀತವನ್ನು ಬಳಸಿದ ರೀತಿಯ ಬಗ್ಗೆ. ಸಂಗೀತ ಒಳ್ಳೆಯದೇ, ಹುಲಿವೇಷದ ತಾಸೆಯಂತೂ ಎದೆಗೇ ತಾಗುತ್ತದೆ. ಆದರೆ ನಿಧಾನಗತಿಯ ಶಾಟುಗಳ ಕೆಳಗೆಲ್ಲ ಅದನ್ನು ಸುರಿದದ್ದರಿಂದ, ಕಷ್ಟಪಟ್ಟು ಹಿಡಿದ ಮಲ್ಪೆ ಎಷ್ಟೋ ಕಡೆ ಕೇಳುವುದೇ ಇಲ್ಲ.

ಗರುಡ ಗಮನ ವೃಷಭ ವಾಹನ, 2021

ಇಲ್ಲಿ ಸಂಗೀತ ಎಲ್ಲಿ ಸುಮ್ಮನಿರಬೇಕು ಎಂಬುದು ಚೆನ್ನಾಗಿ ಗೊತ್ತಿದೆ. ಹಿಂಸೆಗೆ ಮುಂಚೆ ಮಾತೂ ವಾದ್ಯವೂ ಹಿಂದೆ ಸರಿದು ಮಂಗಳೂರಿನ ಬೀದಿ ಮಾತ್ರ ಉಳಿಯುತ್ತದೆ. ಹೊಡೆತ ಬಿದ್ದಾಗ ಅದಕ್ಕೆ ತೂಕ ಬರುವುದು ಅದರಿಂದಲೇ. ‘ಸೋಜುಗಾದ ಸೂಜು ಮಲ್ಲಿಗೆ’ಯನ್ನು ಭಕ್ತಿಯ ಸಂದರ್ಭದಿಂದ ಎತ್ತಿ ಇಂಥ ಕಥೆಯೊಳಗೆ ಇಟ್ಟದ್ದು ದಿಟ್ಟ ಆಯ್ಕೆ. ಹಾಡು ಆಮೇಲೆ ಎಲ್ಲ ಕಡೆ ಕೇಳಿ ಸವೆದಿದ್ದರೂ ಚಿತ್ರದೊಳಗೆ ಅದರ ಬಿಸಿ ಆರಿಲ್ಲ. ಪೊಲೀಸ್ ಅಧಿಕಾರಿಯ ನಿರೂಪಣೆ ಮಾತ್ರ ಹೆಚ್ಚಾಯಿತು. ಕಣ್ಣಿಗೆ ಕಂಡದ್ದನ್ನೇ ಮತ್ತೆ ಬಾಯಲ್ಲಿ ಹೇಳುವ ಅಗತ್ಯ ಇರಲಿಲ್ಲ.

ಕಾಂತಾರ, 2022

ಯಾವ ಪ್ರತಿ ನೋಡಿದ್ದು ಎಂದು ಮೊದಲೇ ಬರೆದುಕೊಳ್ಳಬೇಕಾದ ಚಿತ್ರ ಇದು. ಒಟಿಟಿಗೆ ಬಂದ ಶುರುವಿನಲ್ಲಿ, ಹಕ್ಕುಸ್ವಾಮ್ಯದ ವ್ಯಾಜ್ಯದ ಕಾರಣ ‘ವರಾಹ ರೂಪಂ’ಗೆ ಬೇರೆ ರಾಗ ಹಾಕಿದ್ದರು; ಮೂಲ ಹಾಡು ಮರಳಿದ್ದು ಆಮೇಲೆ. ಎರಡನ್ನೂ ಕೇಳಿದವರಿಗೆ ಕೊನೆಯ ಭಾಗದ ಬಲ ಎಷ್ಟರಮಟ್ಟಿಗೆ ಆ ಹಾಡಿನದು ಎಂಬುದು ತಿಳಿಯುತ್ತದೆ.

ಗುಳಿಗ ದೈವದ ಕೂಗಿನ ಬಗ್ಗೆ ಹೇಳಲೇಬೇಕು. ಅದರ ಸುತ್ತ ಕ್ಷಣಕಾಲ ಏನೂ ಇಲ್ಲದಿರುವುದೇ ಅದರ ಶಕ್ತಿ. ಟಿವಿಯ ನೈಟ್ ಮೋಡಿನಲ್ಲಿ ನೋಡಿದರೆ ಮುಂಚಿನ ಮೌನ ಮೇಲೇರಿ, ಕೂಗು ಕೆಳಗಿಳಿದು ದೃಶ್ಯವೇ ಚಪ್ಪಟೆಯಾಗುತ್ತದೆ. ಸ್ಪೀಕರ್ ಸವೆದ ಹಾಲ್‌ಗಳಲ್ಲಿ ಇದೇ ಕೂಗು ಒಡೆದು ಗರಗರ ಅನ್ನುತ್ತದೆ. ಅದು ಚಿತ್ರದ ತಪ್ಪಲ್ಲ. ಮೊದಲರ್ಧದ ತಮಾಷೆಯ ಜಗಳಗಳಲ್ಲಿ ಎಲ್ಲರೂ ಒಟ್ಟಿಗೆ ಕಿರುಚುವಾಗ ಮಾತು ಯಾರದು ಎಂದೇ ತಿಳಿಯದು. ಅಲ್ಲಿ ಮಿಕ್ಸಿಂಗ್ ಸೋತಿದೆ.

2025ರ ‘ಕಾಂತಾರ: ಅಧ್ಯಾಯ 1’ರಲ್ಲಿ ಈ ಮೌನವೇ ಕಾಣೆಯಾಗಿದೆ. ದೃಶ್ಯ ದೊಡ್ಡದು, ಸೆಟ್ಟು ದೊಡ್ಡದು. ಸಂಗೀತ ಮಾತ್ರ ಉಸಿರಾಡಲು ಬಿಡುವುದಿಲ್ಲ. ಹಲವು ಭಾಷೆಗಳಿಗೆ ಹೋಗುವ ಚಿತ್ರಕ್ಕೆ ಮಾತನ್ನು ಬಿಟ್ಟು ಸಂಗೀತ ಮತ್ತು ಸದ್ದು ಮಾತ್ರ ಇರುವ ಬೇರೆ ಟ್ರ್ಯಾಕ್ ಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಸ್ಥಳದಲ್ಲಿ ಹಿಡಿದ ಧ್ವನಿಯಲ್ಲಿ ಮಾತು, ಹೆಜ್ಜೆ, ಬಟ್ಟೆಯ ಸರಬರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮಾತು ತೆಗೆದರೆ ಉಳಿದವೂ ಹೋಗುತ್ತವೆ, ಆಗ ಅವನ್ನೆಲ್ಲ ಫೋಲಿ ಕಲಾವಿದರು, ಅಂದರೆ ಇಂಥ ಸದ್ದುಗಳನ್ನು ಸ್ಟುಡಿಯೊದಲ್ಲಿ ಮಾಡುವವರು, ಮತ್ತೆ ಮಾಡಬೇಕು. ಪೂರ್ತಿ ಡಬ್ಬಿಂಗ್ ಮಾಡಿದರೆ ಲೆಕ್ಕ ಸುಲಭ ಎಂದು ನಿರ್ಮಾಪಕರಿಗೆ ಅನ್ನಿಸುವುದು ಇದಕ್ಕೇ.

ಸು ಫ್ರಮ್ ಸೋ, 2025

ತುಂಬಿದ ಥಿಯೇಟರಿನಲ್ಲಿ ನೋಡಿದರೆ ಅರ್ಧ ಮಾತು ಕೇಳುವುದಿಲ್ಲ, ಕಾರಣ ನಗು. ಹಾಸ್ಯದ ಸಾಲು ಮುಗಿದ ಮೇಲೆ ಒಂದೆರಡು ಸೆಕೆಂಡ್ ಜಾಗ ಬಿಡುವುದು ಹಳೆಯ ಕ್ರಮ. ಇಲ್ಲಿ ಊರಿನವರು ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಳ್ಳುವುದರಿಂದ ಆ ಜಾಗವೇ ಇಲ್ಲ. ಇದನ್ನು ದೋಷ ಎನ್ನಲು ಮನಸ್ಸಿಲ್ಲ, ಒಂದು ವಠಾರ ಮಾತಾಡುವುದೇ ಹಾಗೆ. ಎರಡನೇ ಸಲ ಖಾಲಿ ಬೆಳಗಿನ ಆಟಕ್ಕೆ ಹೋದರೆ ಹಿಂದೆ ನಿಂತವರ ಗೊಣಗಾಟದಲ್ಲೂ ನಗು ಇರುವುದು ತಿಳಿಯುತ್ತದೆ. ಕೊನೆಯ ಭಾಗದಲ್ಲಿ ಮನಸ್ಸು ಕರಗಿಸಲು ಸಂಗೀತ ಅವಸರಪಡುತ್ತದೆ. ನಟರ ಮುಖ ಸಾಕಿತ್ತು.

ತಿಥಿ

ಈ ಪಟ್ಟಿಯಲ್ಲಿ ಎಲ್ಲದಕ್ಕಿಂತ ಮೇಲೆ ನಿಲ್ಲುವುದು ಇದೇ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು 2016ರಲ್ಲಿ ಇಲ್ಲಿ ಬಿಡುಗಡೆಯಾದ ಚಿತ್ರ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಪಾತ್ರಧಾರಿಗಳು. ಹಿನ್ನೆಲೆ ಸಂಗೀತದ ಊರುಗೋಲು ಇಲ್ಲ. ಊರಿನ ಹಿರಿಯ ಸೆಂಚುರಿ ಗೌಡ ದಾರಿಹೋಕರನ್ನು ಬೈಯುವಾಗ ಬೈಗುಳ ಹೋಗುವವರ ಬೆನ್ನಿಗೆ ತಾಗುವಷ್ಟು ಬೀದಿಯ ಉದ್ದ ಕಿವಿಗೆ ಸಿಗುತ್ತದೆ. ಡಬ್ಬಿಂಗಿನಲ್ಲಿ ಮೊದಲು ಸಾಯುವುದು ಈ ದೂರ: ಮನುಷ್ಯ ಮುಖ ತಿರುಗಿಸಿದರೂ ಧ್ವನಿ ಮೈಕಿನ ಮುಂದೆಯೇ ನಿಂತಿರುತ್ತದೆ.

ಕುರಿಗಾಹಿಗಳ ಬೆಂಕಿಯ ಮುಂದೆ ಸೆಂಚುರಿ ಗೌಡನ ಮಗ ಗಡ್ಡಪ್ಪ ತನ್ನ ಹಳೆಯ ಕಥೆ ಹೇಳುವ ದೃಶ್ಯವನ್ನು ಹೆಡ್‌ಫೋನಿನಲ್ಲಿ ಕೇಳಿ. ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಹೇಳುತ್ತಿರುವುದು ಎಂಥ ವಿಷಯ ಎಂದು ಕೇಳುವವರಿಗೆ ತಡವಾಗಿ ಹೊಳೆಯುತ್ತದೆ. ಇಲ್ಲಿ ಒಂದು ಪಿಟೀಲು ಎಳೆದಿದ್ದರೆ ಗಡ್ಡಪ್ಪ ನಟನಾಗಿಬಿಡುತ್ತಿದ್ದ. ತುಟಿ ಪರೀಕ್ಷೆಗೂ ಇದು ಒಳ್ಳೆಯ ದೃಶ್ಯ. ಪ, ಬ, ಮ ಬಂದಾಗ ಎರಡೂ ತುಟಿ ಮುಚ್ಚಲೇಬೇಕು. ಗಡ್ಡದ ಮರೆಯಲ್ಲೂ ಅದು ಕಾಣುತ್ತದೆ, ಮಾತಿಗೆ ಮುಂಚಿನ ಉಸಿರೂ ಕೇಳುತ್ತದೆ. ಮಂಡ್ಯದ ಕನ್ನಡ ಕಿವಿಗೆ ಹೊಸತಾದವರಿಗೆ ಕೆಲವು ಸಾಲು ಮೊದಲ ಸಲ ತಪ್ಪಬಹುದು, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಕೇಳಿದರೆ ಆಯಿತು.

ಸಪ್ತ ಸಾಗರದಾಚೆ ಎಲ್ಲೋ ಚಿತ್ರದ ಎರಡೂ ಭಾಗಗಳ ಟಿಪ್ಪಣಿ ಇನ್ನೂ ಅರ್ಧದಲ್ಲಿದೆ. ಮೊದಲ ಭಾಗವಾದ ಸೈಡ್ ಎಯಲ್ಲಿ ಜೈಲಿನೊಳಗಿನ ಧ್ವನಿಗೂ ನಾಯಕಿ ಪ್ರಿಯಾಳ ಮನೆಯ ಧ್ವನಿಗೂ ಇಟ್ಟ ವ್ಯತ್ಯಾಸ ಬಹಳ ಎಚ್ಚರದ ಕೆಲಸ ಅನ್ನಿಸಿದೆ. ಸೈಡ್ ಬಿ ಅದೇ ನೋವನ್ನು ಚರಣ್ ರಾಜ್ ಸಂಗೀತದ ಮೇಲೆ ಹೊರಿಸಿ ಉದ್ದವಾಯಿತು. ಟೇಪಿನಲ್ಲಿ ಬರುವ ದನಿಯ ದೃಶ್ಯಗಳನ್ನು ಇನ್ನೊಮ್ಮೆ ಕೇಳಿ ಮುಗಿಸಬೇಕಿದೆ.

ಆಮೇಲಿನ ಸರದಿ 1977ರ ‘ಘಟಶ್ರಾದ್ಧ’ದ್ದು. ಮೂಲ ನೆಗೆಟಿವ್‌ನಿಂದ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು; ಅದೇ ಪ್ರತಿ ಥಿಯೇಟರಿನಲ್ಲಿ ಸಿಕ್ಕಿದಾಗ ಮಾತ್ರ ನೋಡುವುದು. ಆ ಕಾಲದ ಮೊನೊ, ಅಂದರೆ ಒಂದೇ ಚಾನೆಲ್ಲಿನ, ಧ್ವನಿ ನಡುವಿನ ಸ್ಪೀಕರಿನಿಂದಷ್ಟೇ ಬರಬೇಕು. ಸರೌಂಡಿನಿಂದಲೂ ಕೇಳಿಸಿದರೆ ಪ್ರೊಸೆಸರಿನಲ್ಲಿ ತಪ್ಪು ಫಾರ್ಮ್ಯಾಟ್ ಆಯ್ಕೆಯಾಗಿದೆ ಎಂದೇ ಅರ್ಥ, ಆಟ ಶುರುವಾದ ಐದು ನಿಮಿಷದೊಳಗೆ ಹೊರಗೆ ಹೋಗಿ ಪ್ರೊಜೆಕ್ಷನ್ ರೂಮಿನವರಿಗೆ ಹೇಳಬೇಕು.